ತೋಟ ಅಗೆದು ಮನೆ ಕಟ್ಟಿದ ಎಡ್ವರ್ಡ್ ಪ್ರಯರ್

ಕಾಂಕ್ರೀಟ್ ಅಂದ ತಕ್ಷಣ ನಮ್ಮಲ್ಲಿ ಸಿವಿಲ್ ಓದೋರಿಗೆ ನೆನಪಾಗೋದು ಮಿಕ್ಸ್ ಡಿಸೈನ್, ಕ್ಯೂಬ್ ಟೆಸ್ಟ್, 28 ದಿನಗಳ ಕ್ಯೂರಿಂಗ್. ಕೈಕಸುಬು, ಕುಸುರಿ ಕೆಲಸ ಅಂದರೆ ಅದೇನೋ ಬೇರೆ ಲೋಕ, ನಮಗೆ ಸಂಬಂಧವಿಲ್ಲ ಅಂದುಕೊಂಡಿರ್ತೀವಿ. ಇವೆರಡೂ ಒಂದೇ ಗೋಡೆಯಲ್ಲಿ ಸೇರಬಹುದು ಎಂದು ನೂರಿಪ್ಪತ್ತು ವರ್ಷಗಳ ಹಿಂದೆಯೇ ಕಟ್ಟಿ ತೋರಿಸಿದ ಇಂಗ್ಲೆಂಡಿನ ವಾಸ್ತುಶಿಲ್ಪಿ ಎಡ್ವರ್ಡ್ ಶ್ರೋಡರ್ ಪ್ರಯರ್. ಈ ಸಲದ ಅಧ್ಯಯನ ಬರಹದಲ್ಲಿ ಅವರ ಕೆಲಸವನ್ನು ನೋಡೋಣ.

ಯಾವ ಕಾಲ, ಯಾವ ಚಳವಳಿ?

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಎಲ್ಲವನ್ನೂ ಅಗ್ಗವಾಗಿ, ಒಂದೇ ಅಚ್ಚಿನಲ್ಲಿ ತಯಾರಿಸತೊಡಗಿದ್ದವು. ಹೀಗಾದರೆ ವಸ್ತುವಿನ ಗುಣವೂ ಹಾಳು, ಅದನ್ನು ಮಾಡುವ ಕೆಲಸಗಾರನ ಬದುಕೂ ಹಾಳು ಎಂದು ಜಾನ್ ರಸ್ಕಿನ್ ಬರೆದರು. ವಿಲಿಯಂ ಮಾರಿಸ್ ಆ ಮಾತನ್ನು ಕೈಯಾರೆ ಮಾಡಿ ತೋರಿಸಲು ಹೊರಟರು. ಇಲ್ಲಿಂದ ಬೆಳೆದದ್ದೇ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿ. ಹಳ್ಳಿಗಾಡಿನ ಮನೆಗಳು ಈ ಚಳವಳಿಯ ಪ್ರಯೋಗಶಾಲೆಗಳಾದವು. ಅಲ್ಲೇ ಸಿಗುವ ಕಲ್ಲು, ಅಲ್ಲಿನ ಕೆಲಸಗಾರರು, ಅನಗತ್ಯ ಅಲಂಕಾರ ಬೇಡ ಅನ್ನೋದು ಅದರ ಮೂಲ ಮಾತು.

ಪ್ರಯರ್ ಹುಟ್ಟಿದ್ದು 1852ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿದ ಮೇಲೆ, ಆಗಿನ ಹೆಸರಾಂತ ವಾಸ್ತುಶಿಲ್ಪಿ ನಾರ್ಮನ್ ಶಾ ಅವರ ಕಚೇರಿಯಲ್ಲಿ ಕೆಲಸ ಕಲಿತರು. ಆ ಕಚೇರಿಯ ಗೆಳೆಯರ ಬಳಗವೇ ಮುಂದೆ ಕಲಾವಿದರು ಮತ್ತು ಕುಶಲಕರ್ಮಿಗಳನ್ನು ಒಟ್ಟಿಗೆ ಕೂರಿಸುವ ಆಸೆಯಿಂದ, 1884ರಲ್ಲಿ ಆರ್ಟ್ ವರ್ಕರ್ಸ್ ಗಿಲ್ಡ್ ಹುಟ್ಟುವುದಕ್ಕೆ ಕಾರಣವಾಯಿತು.

ಮೈಮೇಲ್ಮೈ ಮುಖ್ಯ

1889ರಲ್ಲಿ ಎಡಿನ್‌ಬರೊದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಪ್ರಯರ್ ಪ್ರಬಂಧ ಓದಿದರು. ವಿಷಯ: ಟೆಕ್ಸ್‌ಚರ್, ಅಂದರೆ ವಸ್ತುವಿನ ಮೇಲ್ಮೈಯ ಒರಟು-ನಯ. ಕಟ್ಟಡದ ಅಂದ ಬರೋದು ಮೇಲೆ ಅಂಟಿಸಿದ ಅಲಂಕಾರದಿಂದಲ್ಲ, ವಸ್ತುವಿನ ಸ್ವಂತ ಗುಣದಿಂದ ಅನ್ನೋದು ಅವರ ವಾದ.

ಅದೇ ಹೊತ್ತಿನಲ್ಲಿ ಅವರು ಒಂದು ಬಗೆಯ ಗಾಜನ್ನೂ ರೂಪಿಸಿದರು. ಕರಗಿದ ಗಾಜನ್ನು ಪೆಟ್ಟಿಗೆಯಂಥ ಅಚ್ಚಿನೊಳಗೆ ಊದಿ, ಆರಿದ ಮೇಲೆ ಅದರ ಬದಿಗಳನ್ನು ಕತ್ತರಿಸಿ ಬಿಲ್ಲೆಗಳನ್ನಾಗಿ ಮಾಡುವುದು ಅದರ ವಿಧಾನ. ಬಿಲ್ಲೆಯ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ದಪ್ಪ ಇರುವಲ್ಲಿ ಬಣ್ಣ ಗಾಢ, ತೆಳು ಇರುವಲ್ಲಿ ತಿಳಿ. ನಾವು ದೋಷ ಎಂದು ತಳ್ಳಿಹಾಕುವ ವ್ಯತ್ಯಾಸವೇ ಇಲ್ಲಿ ಬಣ್ಣದ ಜೀವ. ಬಣ್ಣದ ಗಾಜಿನ ಕಿಟಕಿ ಮಾಡುವ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಲಾವಿದರು ಈ ಗಾಜನ್ನು ತುಂಬ ಮೆಚ್ಚಿಕೊಂಡರು.

ಚಿಟ್ಟೆಯಂಥ ಮನೆ

ಡೆವನ್ ಜಿಲ್ಲೆಯ ಎಕ್ಸ್‌ಮತ್ ಊರಿನ ಕಡಲತೀರದಲ್ಲಿ ಪ್ರಯರ್ 1896-97ರಲ್ಲಿ 'ದಿ ಬಾರ್ನ್' ಎಂಬ ಮನೆ ಕಟ್ಟಿದರು. ಇದರ ನಕ್ಷೆಯನ್ನು ಬಟರ್‌ಫ್ಲೈ ಪ್ಲಾನ್ ಅಂತಾರೆ. ನಡುವೆ ಒಂದು ಭಾಗ, ಅದರಿಂದ ಚಿಟ್ಟೆಯ ರೆಕ್ಕೆಗಳ ಹಾಗೆ ಓರೆಯಾಗಿ ಚಾಚಿದ ಕೋಣೆಗಳು. ಇಂಗ್ಲೆಂಡಿನ ಚಳಿಗಾಲದಲ್ಲಿ ಸೂರ್ಯ ದಕ್ಷಿಣದಲ್ಲಿ ತುಂಬ ತಗ್ಗಿನಲ್ಲೇ ಸಾಗುತ್ತಾನೆ. ರೆಕ್ಕೆಗಳನ್ನು ಸರಿಯಾದ ದಿಕ್ಕಿಗೆ ತಿರುಗಿಸಿದರೆ ಬೆಳಗಿನ ಬಿಸಿಲು ಒಂದು ಕಡೆಗೆ, ಮಧ್ಯಾಹ್ನದ್ದು ಇನ್ನೊಂದು ಕಡೆಗೆ ಸಿಗುತ್ತೆ. ನಡುವಿನ ಅಂಗಳಕ್ಕೆ ಗಾಳಿಯಿಂದ ಮರೆಯೂ ಆಗುತ್ತೆ.

ಇದು ಪುಕ್ಕಟೆ ಲಾಭ ಅಲ್ಲ. ಅಷ್ಟೇ ವಿಸ್ತೀರ್ಣದ ಚೌಕ ಮನೆಗಿಂತ ಇದಕ್ಕೆ ಹೊರಗೋಡೆ ಜಾಸ್ತಿ ಬೇಕು. ಗೋಡೆ ಹೆಚ್ಚಿದಷ್ಟೂ ಖರ್ಚು ಹೆಚ್ಚು, ಶಾಖವೂ ಹೆಚ್ಚು ಸೋರುತ್ತೆ. ರೆಕ್ಕೆ ಸೇರುವ ಜಾಗದಲ್ಲಿ ಕೋಣೆಗಳ ಆಕಾರ ಸೊಟ್ಟಗಾಗುತ್ತೆ. ಜತೆಗೆ ಇನ್ನೊಂದು ಪಾಠವೂ ಇದೆ. ಪ್ರಯರ್ ಈ ಮನೆಗೆ ಹಳ್ಳಿಮನೆಗಳಂತೆ ಹುಲ್ಲಿನ ಚಾವಣಿ ಹಾಕಿದ್ದರು. 1905ರಲ್ಲಿ ಬೆಂಕಿ ಬಿದ್ದು ಮನೆ ಸುಟ್ಟಿತು. ಮತ್ತೆ ಕಟ್ಟಿದಾಗ ಚಾವಣಿಗೆ ಸ್ಲೇಟು ಕಲ್ಲು ಬಂತು. ಸ್ಥಳೀಯ ವಸ್ತು ಅಂದಮಾತ್ರಕ್ಕೆ ಎಲ್ಲ ಸರಿ ಅಂತ ಕಣ್ಮುಚ್ಚಿ ಒಪ್ಪೋಕಾಗಲ್ಲ, ಅಲ್ವಾ?

ಸೈಟೇ ಕ್ವಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. 1903ರಿಂದ 1905ರ ನಡುವೆ, ನಾರ್ಫಕ್ ಜಿಲ್ಲೆಯ ಹೋಲ್ಟ್ ಊರಿನ ಹತ್ತಿರ, ಪರ್ಸಿ ಲಾಯ್ಡ್ ಎಂಬ ಪಾದ್ರಿಗಾಗಿ ಪ್ರಯರ್ 'ವೋವುಡ್' ಎಂಬ ಮನೆ ಕಟ್ಟಿದರು. ಅದು ಕೂಡ ಚಿಟ್ಟೆಯ ನಕ್ಷೆ. ಆ ಪ್ರದೇಶದಲ್ಲಿ ಒಳ್ಳೆಯ ಕಟ್ಟಡದ ಕಲ್ಲು ಸಿಗುವುದು ಕಷ್ಟ. ನೆಲದಲ್ಲಿ ಇರೋದು ಮರಳು, ಗರಸು, ಚಕಮಕಿ ಕಲ್ಲಿನ ಉಂಡೆಗಳು. ಪ್ರಯರ್ ಮನೆಯ ಮುಂದಿನ ಜಾಗವನ್ನು ಸುಮಾರು ಆರು ಅಡಿ ಆಳಕ್ಕೆ ಅಗೆಸಿದರು. ಅಗೆದು ತೆಗೆದ ಮರಳು, ಗರಸುಗಳೇ ಕಾಂಕ್ರೀಟಿಗೆ ಹೋದವು. ಚಕಮಕಿ ಕಲ್ಲುಗಳು ಗೋಡೆಯ ಹೊರಮೈಗೆ ಬಂದವು, ಅವುಗಳ ನಡುವೆ ತೆಳುವಾದ ಇಟ್ಟಿಗೆಯ ಸಾಲುಗಳು. ಅಗೆದು ಉಳಿದ ಹಳ್ಳವೇ ತಗ್ಗಿನ ತೋಟ ಆಯಿತು.

ಇದರ ಬೆಲೆ ತಿಳಿಯಬೇಕಾದರೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದನ್ನು ಆರು ಅಡಿ, ಅಂದರೆ 1.83 ಮೀಟರ್ ಅಗೆದರೆ ಸಿಗೋದು ಸುಮಾರು 7,400 ಘನ ಮೀಟರ್. 10 ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ ಸಾಗಿಸಿದರೆ 740 ಲೋಡು! ಅಗೆದ ಮಣ್ಣು ಉಬ್ಬುವುದನ್ನು ಇದರಲ್ಲಿ ಸೇರಿಸಿಲ್ಲ. ವಸ್ತು ಸೈಟಿನಲ್ಲೇ ಸಿಕ್ಕರೆ ಎಷ್ಟು ಸಾಗಾಟ ಉಳಿಯುತ್ತೆ ಅಂತ ಇದರಿಂದಲೇ ಗೊತ್ತಾಗುತ್ತೆ.

ಕೆಲಸ ನಡೆಸಿದ ರೀತಿಯೂ ಬೇರೆ. ಇಡೀ ಮನೆಯನ್ನು ಒಬ್ಬ ಕಂಟ್ರಾಕ್ಟರಿಗೆ ವಹಿಸಲಿಲ್ಲ. ರ‍್ಯಾಂಡಲ್ ವೆಲ್ಸ್ ಎಂಬ ಯುವ ವಾಸ್ತುಶಿಲ್ಪಿ ಸೈಟಿನಲ್ಲೇ ಇದ್ದು, ಕೆಲಸಗಾರರನ್ನು ನೇರವಾಗಿ ನೋಡಿಕೊಂಡರು. ನೆಲದಿಂದ ಏನು ಬರುತ್ತೆ ಅನ್ನೋದು ಅಗೆದಾಗಲೇ ತಿಳಿಯುವಾಗ, ಎಲ್ಲವನ್ನೂ ಮೊದಲೇ ಡ್ರಾಯಿಂಗಿನಲ್ಲಿ ಬರೆದು ಕೊಟ್ಟು ದೂರ ಕೂರೋಕೆ ಆಗಲ್ಲ. ಇದೇ ವೆಲ್ಸ್ ಜತೆ ಸೇರಿ ಪ್ರಯರ್ 1906-07ರಲ್ಲಿ ಸಂಡರ್‌ಲ್ಯಾಂಡಿನ ರೋಕರ್‌ನಲ್ಲಿ ಸೇಂಟ್ ಆಂಡ್ರ್ಯೂಸ್ ಚರ್ಚ್ ಕಟ್ಟಿದರು. ಅಲ್ಲಿ ಒರಟು ಸುಣ್ಣದಕಲ್ಲಿನ ಜತೆಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಕೂಡ ಇದೆ.

ನಾವು ಕಲಿಯಬೇಕಾದ್ದೇನು?

ಪ್ರಯರ್ ಅವರನ್ನು ಹೊಗಳಿ ಮುಗಿಸೋದು ಸುಲಭ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಇಂಥ ಮನೆ ಕಟ್ಟಿಸೋಕೆ ಆಗುತ್ತಿದ್ದದ್ದು ಹಣವಂತರಿಗೆ ಮಾತ್ರ. ಲಾಯ್ಡ್ ಕುಟುಂಬ ವೋವುಡ್‌ನಲ್ಲಿ ಹೆಚ್ಚು ಕಾಲ ನೆಲೆಸಲೂ ಇಲ್ಲ. ಮುಂದೆ ಅದು ಶಾಲೆಯೂ ಆಯಿತು. ಕೆಲಸಗಾರನ ಬದುಕು ಸುಧಾರಿಸಬೇಕು ಅಂತ ಶುರುವಾದ ಚಳವಳಿ ಕೆಲಸಗಾರನಿಗೆ ಇಂಥ ಮನೆ ಕೊಡಲಿಲ್ಲ.

ತಾಂತ್ರಿಕ ಎಚ್ಚರಿಕೆಯೂ ಒಂದಿದೆ. ಚಕಮಕಿ ಕಲ್ಲು ಸಿಲಿಕಾದಿಂದ ಆದದ್ದು. ಕೆಲವು ಬಗೆಯ ಸಿಲಿಕಾ ಸಿಮೆಂಟಿನ ಕ್ಷಾರದೊಂದಿಗೆ ವರ್ತಿಸಿ ಉಬ್ಬಿ ಕಾಂಕ್ರೀಟನ್ನು ಬಿರಿಯುವಂತೆ ಮಾಡುತ್ತೆ. ಇದು ಜಗತ್ತಿಗೆ ಸ್ಪಷ್ಟವಾದದ್ದು 1940ರಲ್ಲಿ, ಪ್ರಯರ್ ತೀರಿಕೊಂಡ ಎಂಟು ವರ್ಷಗಳ ಮೇಲೆ. ಹಾಗಾಗಿ ಇವತ್ತು ಸೈಟಿನಲ್ಲಿ ಸಿಕ್ಕಿದ್ದನ್ನು ಲ್ಯಾಬಿನಲ್ಲಿ ಪರೀಕ್ಷಿಸದೆ ಬಳಸೋ ಹಾಗಿಲ್ಲ.

ಆದರೂ ಉಳಿಯುವ ಮಾತು ಒಂದಿದೆ. ಪ್ರಯರ್ ಹಳೆಯದನ್ನು ಪ್ರೀತಿಸಿದವರು. ಇಂಗ್ಲೆಂಡಿನ ಗಾಥಿಕ್ ಕಲೆಯ ಚರಿತ್ರೆಯನ್ನೇ ಬರೆದರು. ಹಾಗಂತ ಹೊಸ ವಸ್ತುವಿಗೆ ಹೆದರಲಿಲ್ಲ. ಅವರ ಪಾಲಿಗೆ ಕಾಂಕ್ರೀಟ್ ಅಂದರೆ ಆ ನೆಲವನ್ನೇ ಗೋಡೆಯಾಗಿ ನಿಲ್ಲಿಸುವ ದಾರಿ. 1912ರಲ್ಲಿ ಅವರು ಕೇಂಬ್ರಿಜ್‌ನಲ್ಲಿ ಸ್ಲೇಡ್ ಪ್ರೊಫೆಸರ್ ಆಗಿ, ಅಲ್ಲಿ ವಾಸ್ತುಶಿಲ್ಪ ಕಲಿಸುವ ವಿಭಾಗವನ್ನು ಕಟ್ಟಿದರು. 1932ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲಿದ್ದರು.

ಮುಂದಿನ ಬೈಠಕ್ಕಿಗೆ ಮೂರು ಪ್ರಶ್ನೆ

1. ಅಡಿಪಾಯಕ್ಕೆ ಅಗೆದ ಮಣ್ಣನ್ನು ನಾವು ಹೊರಗೆ ಸಾಗಿಸುತ್ತೇವೆ, ಮರಳು-ಜಲ್ಲಿಯನ್ನು ದೂರದಿಂದ ತರಿಸುತ್ತೇವೆ. ಅಗೆದದ್ದರಲ್ಲಿ ಎಷ್ಟನ್ನು ಬಳಸಬಹುದು ಅಂತ ತಿಳಿಯೋಕೆ ಯಾವ ಯಾವ ಟೆಸ್ಟ್ ಬೇಕು?
2. ಒಂದೇ ವಿಸ್ತೀರ್ಣದ ಚೌಕ ಮನೆ ಮತ್ತು ಚಿಟ್ಟೆ ನಕ್ಷೆಯ ಮನೆ, ಎರಡರ ಹೊರಗೋಡೆಯ ಉದ್ದ ಹೋಲಿಸಿ. ಬಿಸಿಲಿನ ಲಾಭಕ್ಕೆ ಕೊಡುವ ಬೆಲೆ ಎಷ್ಟು?
3. ಎಂಜಿನಿಯರ್ ಸೈಟಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಡ್ರಾಯಿಂಗಿಗೆ ಎಷ್ಟು ಬಿಡಬೇಕು?

ಲೆಕ್ಕ ಮಾಡಿಕೊಂಡು ಬನ್ನಿ. ಎರಡನೇ ಪ್ರಶ್ನೆಗೆ ಮೆಕ್ಯಾನಿಕಲ್‌ನವರೂ ಬೇಕು, ಶಾಖದ ಲೆಕ್ಕ ನಿಮ್ಮದೇ!