ವಂಶದ ನೆನಪು

ತನ್ನ ಪೂರ್ವಿಕರು ಯಾರು, ಎಲ್ಲಿಂದ ಬಂದವರು ಎಂಬುದನ್ನು ಅರಿಯುವ ಕುತೂಹಲ ಮಾನವನಿಗೆ ಸಹಜವಾದುದು. ರಾಜರ ವಂಶಾವಳಿಯನ್ನು ಶಾಸನಗಳು ಸಾರುತ್ತವೆ, ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಂತಹ ಶಾಸನಗಳು ಹೇರಳವಾಗಿವೆ. ಆದರೆ ಸಾಮಾನ್ಯ ಒಕ್ಕಲು ಮನೆತನಗಳ ಚರಿತ್ರೆಯನ್ನು ಕಾಪಾಡಿದವರಾರು?

ಕರ್ನಾಟಕದಲ್ಲಿ ಆ ಕಾರ್ಯವನ್ನು ಹೆಳವರು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಸುಗ್ಗಿಯ ತರುವಾಯ ಎತ್ತನ್ನೇರಿ ಊರಿಗೆ ಬರುತ್ತಿದ್ದ ಹೆಳವನು ಒಕ್ಕಲು ಮನೆಯ ಮುಂದೆ ನಿಂತು, ಮೂಲಪುರುಷನಿಂದ ಮೊದಲುಗೊಂಡು ಆ ಕುಲದವರ ಹೆಸರುಗಳನ್ನು ಹೇಳುತ್ತಿದ್ದನು; ಅವರು ಯಾವ ಊರಿನಿಂದ ವಲಸೆ ಬಂದರೆಂಬುದನ್ನೂ ತಿಳಿಸುತ್ತಿದ್ದನು. ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಗೆಯಲ್ಲಿ ಸೇರಿಸಿ, ದವಸಧಾನ್ಯದ ಕಾಣಿಕೆ ಪಡೆದು ಮುಂದಿನ ಮನೆಗೆ ನಡೆಯುತ್ತಿದ್ದನು.

ಆದರೂ ಹೆಳವರ ಹೊತ್ತಗೆಯೊಂದೇ ಸಾಲದು. ವಂಶಾವಳಿಯು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಹರಿಯುತ್ತದೆ. ಅಜ್ಜಿ, ಮುತ್ತಜ್ಜಿಯರ ಹೆಸರು ಹಲವೊಮ್ಮೆ ಹಿರಿಯರ ನಾಲಗೆಯ ಮೇಲೆ ಮಾತ್ರ ಉಳಿದಿರುತ್ತದೆ. ಹಿರಿಯರೊಬ್ಬರು ಕಣ್ಮುಚ್ಚಿದಾಗ ಬರೆದಿಡದ ಹೆಸರುಗಳೂ ಅವರೊಂದಿಗೆ ಅಳಿದುಹೋಗುತ್ತವೆ. ಆದುದರಿಂದ ವಂಶದ ಮೂಲವನ್ನು ಅರಸುವವರು ಮೊದಲು ಮನೆಯ ಹಿರಿಯರ ಬಳಿ ಕುಳಿತು, ಕೇಳಿದುದನ್ನು ಬರೆದಿಡಬೇಕು. ಬಳಿಕ ಜಮೀನಿನ ಪತ್ರ, ಶಾಲೆಯ ದಾಖಲಾತಿ ಪುಸ್ತಕ, ಊರಿನ ವೀರಗಲ್ಲು ಇವುಗಳೊಡನೆ ಅದನ್ನು ಒರೆಹಚ್ಚಿ ನೋಡಬೇಕು. ಹೀಗೆ ಉಳಿಸಿಕೊಂಡ ಒಂದೊಂದು ಹೆಸರೂ ನಾಡಿನ ಚರಿತ್ರೆಯ ಒಂದೊಂದು ಅಕ್ಷರವೇ ಸರಿ.