ಹಾಸನದ ಕಥೋಲಿಕ ನೆಲೆಗಳು: ಪರೀಕ್ಷಾ ಟಿಪ್ಪಣಿ

ಹಾಸನ ಎಂದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ (ಸುಮಾರು ಕ್ರಿ.ಶ. 1114, ವಿಷ್ಣುವರ್ಧನನ ಕಾಲ, ಚತುಷ್ಕೂಟ) ಎಂದಷ್ಟೇ ಓದಿಕೊಂಡರೆ ಸಾಲದು. ಇದೇ ತಾಲ್ಲೂಕಿನಲ್ಲಿ ಹೇಮಾವತಿ ಹಿನ್ನೀರಿನ ದಡದಲ್ಲಿ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಇದೆ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಇದನ್ನು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ (1979) ಸುತ್ತಲಿನ ಊರುಗಳವರು ಮನೆಮಠ ಬಿಟ್ಟು ಹೊರಟರು, ಚರ್ಚ್ ಮಾತ್ರ ಉಳಿಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಗೋಡೆಗಳ ಮೇಲ್ಭಾಗವಷ್ಟೇ ಕಾಣುತ್ತದೆ; ಬೇಸಿಗೆಯಲ್ಲಿ ನೀರು ಇಳಿದಾಗ ಚಾವಣಿಯಿಲ್ಲದ ಕಮಾನುಗಳ ಕೆಳಗೆ ನಡೆದುಹೋಗಬಹುದು. 'ಮುಳುಗುವ ಚರ್ಚ್' ಎಂದು ಪ್ರವಾಸಿಗರು ಕರೆಯುವುದು ಇದನ್ನೇ. ಪ್ರಶ್ನೆಪತ್ರಿಕೆಯಲ್ಲಿ ನದಿ, ಅಣೆಕಟ್ಟು, ಶೈಲಿ ಮೂರನ್ನೂ ಹೊಂದಿಸಿ ಬರೆಯಿರಿ ಎಂದು ಕೇಳಬಹುದು.

ಹಾಸನದ ಸಮೀಪದ ಸಾತಳ್ಳಿಗೆ ಅಬ್ಬೆ ದುಬಾಯ್ ಹೆಸರು ಸೇರಿಕೊಂಡಿದೆ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದ ಈ ಫ್ರೆಂಚ್ ಪಾದ್ರಿ ಇಲ್ಲಿ ಕ್ರೈಸ್ತ ರೈತರ ನೆಲೆ ಸ್ಥಾಪಿಸಿದರು, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಹಿಂದೂಗಳ ಆಚಾರ ವಿಚಾರಗಳ ಕುರಿತ ಇವರ ಗ್ರಂಥವೇ ಹೆಚ್ಚು ಪ್ರಸಿದ್ಧ. ಲಸಿಕೆಯ ಕೆಲಸಕ್ಕೆ ಅಷ್ಟೇ ಮಹತ್ವ ಸಲ್ಲಬೇಕು.

ಯಾತ್ರೆಗೆಂದು ಹೊರಡುವವರಿಗೆ ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಯ ಸಂತ ಅಂತೋಣಿ ಬೆಸಿಲಿಕಾ ದೂರವಲ್ಲ. ಈ ಸಂತರ ಹಬ್ಬ ಜೂನ್ 13. ರಾಜ್ಯದ ಈ ಚರ್ಚ್‌ಗಳು ಬೆಸಿಲಿಕಾ ಎಂದು ಘೋಷಿತವಾದ ಕ್ರಮ ನೆನಪಿರಲಿ: ಬೆಂಗಳೂರಿನ ಸಂತ ಮೇರಿ (1974), ಕಾರ್ಕಳದ ಅತ್ತೂರು ಸಂತ ಲಾರೆನ್ಸ್ (2016), ಡೋರ್ನಹಳ್ಳಿ (2019).

ಶೆಟ್ಟಿಹಳ್ಳಿಗೆ ಹೋದವರು ಶಿಥಿಲ ಗೋಡೆಗಳನ್ನು ಹತ್ತಬೇಡಿ, ಅವುಗಳ ಮೇಲೆ ಹೆಸರು ಕೆತ್ತಬೇಡಿ.