ಅಂಗಿಯ ಅಂಚನ್ನು ಮಡಿಸಿ ಹೊಲಿಯುವ ಕ್ರಮ

ಅಂಗಿಯು ಅನೇಕ ಸಾರಿ ಕೆಳಗಣ ಅಂಚಿನಿಂದಲೇ ಹರಿಯಲಾರಂಭಿಸುವದು. ಹೊಲಿಗೆ ಬಿಟ್ಟ ಅಂಚು ತೋಟದ ಕೆಲಸದಲ್ಲಿ ಕಾಫಿಗಿಡದ ರೆಂಬೆಗೆ ಸಿಕ್ಕಿದರೆ ಬಟ್ಟೆಯೇ ಸೀಳಿಹೋಗುವದುಂಟು. ಸಕಲೇಶಪುರ, ಆಲೂರು ಸೀಮೆಯವರಿಗೆ ಇನ್ನೊಂದು ತೊಂದರೆಯೂ ಉಂಟು. ಜೂನ್ ತಿಂಗಳಿಂದ ಮುಂಗಾರು ಮಳೆ ಹಿಡಿಯುವ ಈ ಬೆಟ್ಟಗಳಲ್ಲಿ ದಪ್ಪವಾದ ಅಂಚು ಬೇಗನೆ ಒಣಗದು. ಅಲ್ಲಿ ತೇವ ನಿಂತು, ಬೂಷ್ಟು ಹಿಡಿದು, ನೂಲು ಬಲಗುಂದುವದು. ಆದಕಾರಣ ಅಂಚು ಬಲವಾಗಿಯೂ ತೆಳ್ಳಗಾಗಿಯೂ ಇರತಕ್ಕದ್ದು.

ಅಂಚುಗಳಲ್ಲಿ ಮುಖ್ಯವಾಗಿ ಎರಡು ವಿಧಗಳುಂಟು. ಮೊದಲನೆಯದು ನೆಟ್ಟಗಿನ ಅಂಚು. ಅಂಗಿಯನ್ನು ಹೊರಗೆ ಬಿಟ್ಟು ಧರಿಸುವವರಿಗೆ ಇದು ಯುಕ್ತವಾದದ್ದು. ಬಗ್ಗಿ ಏಳುವದಕ್ಕೆ ಅನುಕೂಲವಾಗುವಂತೆ ಪಕ್ಕಗಳಲ್ಲಿ ಸೀಳು ಬಿಡುವರು. ಎರಡನೆಯದು ಹಿಂದೆಯೂ ಮುಂದೆಯೂ ಇಳಿದು ಪಕ್ಕಗಳಲ್ಲಿ ಏರುವ ಬಾಗಿದ ಅಂಚು. ಪೂರ್ವದಲ್ಲಿ ಯೂರೋಪಿನ ಗಂಡಸರು ಶರಟಿನ ಉದ್ದವಾದ ತುದಿಗಳನ್ನು ಕಾಲುಗಳ ನಡುವೆ ಒಳಗೆ ಸೇರಿಸಿಕೊಳ್ಳುತ್ತಿದ್ದರು. ಈ ಆಕಾರವು ಅದರಿಂದ ಉಳಿದು ಬಂದದ್ದು. ಷರಾಯಿಯೊಳಗೆ ಸೇರಿಸುವ ಶರಟಿಗೆ ಇದೇ ಒಳ್ಳೇದು.

ಹೊಲಿಯುವ ಕ್ರಮವೇನಂದರೆ:

1. ಹತ್ತಿಯ ಬಟ್ಟೆ ನೀರಿಗೆ ಕುಗ್ಗುವದರಿಂದ ಮೊದಲು ಅದನ್ನು ತೊಳೆದು ಒಣಗಿಸಿರಿ. ಆಮೇಲೆ ಎರಡು ಪಕ್ಕಗಳನ್ನೂ ಜೋಡಿಸಿ ಉದ್ದವನ್ನು ಸಮಮಾಡಿರಿ.

2. ನೆಟ್ಟಗಿನ ಅಂಚನ್ನು ಒಳಮಗ್ಗುಲಿಗೆ ಕಾಲು ಅಂಗುಲ, ತಿರಿಗಿ ಅರ್ಧ ಅಂಗುಲ ಮಡಿಸಿರಿ. ಬಿಡಿ ಎಳೆಗಳು ಮಡಿಕೆಯೊಳಗೆ ಅಡಗಬೇಕು.

3. ಬಾಗಿದ ಅಂಚನ್ನು ಎರಡು ಸಾರಿಯೂ ಕಾಲು ಅಂಗುಲ ಮಾತ್ರವೇ ಮಡಿಸಿರಿ. ಇಳಿದ ಭಾಗದಲ್ಲಿ ಬಟ್ಟೆಯ ತುದಿಯು ಅದು ಮಡಿದು ಸೇರುವ ಗೆರೆಗಿಂತ ಉದ್ದವಾಗಿರುವದರಿಂದ, ಅಗಲವಾಗಿ ಮಡಿಸಿದರೆ ಸುಕ್ಕು ಬೀಳುವದು. ತುದಿಯ ಬಳಿಯಲ್ಲಿ ಕಚ್ಚಾ ಹೊಲಿಗೆ ಹಾಕಿ ನೂಲನ್ನು ಮೆಲ್ಲಗೆ ಎಳೆದರೆ ಸುಕ್ಕು ಅಡಗುವದು.

4. ಗಂಟನ್ನು ಮಡಿಕೆಯೊಳಗೆ ಬಚ್ಚಿಟ್ಟು, ಸೂಜಿಯಿಂದ ಅಂಗಿಯ ಒಂದೆರಡು ಎಳೆಗಳನ್ನೂ ಮಡಿಕೆಯ ತುದಿಯನ್ನೂ ಹಿಡಿಯಿರಿ. ಹೊಲಿಗೆಗಳು ಹತ್ತಿರವಿರಲಿ; ನೂಲನ್ನು ಬಿಗಿಯಾಗಿ ಎಳೆಯಬೇಡಿರಿ.

5. ಸೀಳಿನ ಮೂಲೆಗೇ ಎಳೆತ ಹೆಚ್ಚಾಗಿರುವದರಿಂದ ಅಲ್ಲಿ ಮೂರು ನಾಲ್ಕು ಸಾರಿ ಹಿಂದಕ್ಕೆ ಹೊಲಿದು ಭದ್ರಪಡಿಸಿರಿ.

ಬೆಳೆಯುವ ಮಕ್ಕಳ ಅಂಗಿಗೆ ನೆಟ್ಟಗಿನ ಅಂಚನ್ನಿಟ್ಟು ಒಂದೂವರೆ ಅಂಗುಲ ಮಡಿಸಿದರೆ, ಮುಂದಿನ ವರುಷ ಬಿಚ್ಚಿ ಉದ್ದ ಮಾಡಬಹುದು. ಆದರೆ ಮಳೆಗಾಲದಲ್ಲಿ ಅಂಥ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ, ಅಂಚು ಪೂರಾ ಒಣಗುವ ತನಕ ಹರವಬೇಕು. ಮೇ ತಿಂಗಳ ಬಿಸಿಲು ಇರುವಾಗಲೇ ಮನೆಯವರೆಲ್ಲರ ಅಂಗಿಗಳ ಅಂಚನ್ನು ನೋಡಿ, ಸಡಿಲವಾದದ್ದನ್ನು ಹೊಲಿದಿಡಿರಿ.